ಬುಡದಲ್ಲಿ ತುಕ್ಕು, ತಲೆಯಲ್ಲಿ ಧೂಳು

ಜಪಾನಿನ ಮಿಯೆ ಪ್ರಾಂತ್ಯದ ಸುಜುಕಾ ನಗರದಲ್ಲಿ 2021ರ ಫೆಬ್ರುವರಿಯಲ್ಲಿ ಸಂಚಾರ ದೀಪದ ಕಂಬವೊಂದು ಬುಡ ಮುರಿದು ಬಿತ್ತು. ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಸುಮಾರು 50 ವರ್ಷ ಬಾಳಬೇಕಿದ್ದ ಕಂಬ ಅದರ ಅರ್ಧದಷ್ಟು ಕಾಲವೂ ನಿಲ್ಲದೆ ಉರುಳಿದ್ದು ಏಕೆ ಎಂದು ಪೊಲೀಸ್ ಇಲಾಖೆಯ ವಿಜ್ಞಾನ ಪ್ರಯೋಗಾಲಯದವರು ತನಿಖೆಗೆ ಇಳಿದರು. ಕಂಬದ ಬುಡದಲ್ಲಿ ಯೂರಿಯಾ ಸಿಕ್ಕಿತು, ಅದೂ ಹತ್ತಿರದ ಇನ್ನೊಂದು ಕಂಬಕ್ಕೆ ಹೋಲಿಸಿದರೆ ಸುಮಾರು 40 ಪಟ್ಟು ಹೆಚ್ಚು. ಆ ದಾರಿಯಲ್ಲಿ ವಾಯುವಿಹಾರಕ್ಕೆ ಬರುವ ನಾಯಿಗಳು ವರ್ಷಗಟ್ಟಲೆ ಅದೇ ಕಂಬದ ಬುಡದಲ್ಲಿ ಕಾಲೆತ್ತಿದ್ದವು. ಕಬ್ಬಿಣ ತುಕ್ಕು ಹಿಡಿದು ಸವೆದುಹೋಗಿತ್ತು.

ಈ ಸುದ್ದಿ ಓದಿ ನಕ್ಕು ಮುಂದೆ ಹೋದವರೇ ಹೆಚ್ಚು. ನನಗೆ ಮಾತ್ರ ಅದು ನಮ್ಮ ರಸ್ತೆ ಬದಿಯ ಸೂಚನಾ ಫಲಕಗಳ ಕಂಬಗಳನ್ನು ಬಗ್ಗಿ ನೋಡಲು ಕಲಿಸಿತು. ತಿರುವು, ಶಾಲಾ ವಲಯ, ವೇಗದ ಮಿತಿ ಎಂದು ಎಚ್ಚರಿಸುವ ಈ ಫಲಕಗಳ ಮೇಲೆ ಎಷ್ಟೋ ಜೀವಗಳು ನಿಂತಿವೆ. ನೆಟ್ಟ ದಿನ ಇರುವ ಕಾಳಜಿ ಮರುದಿನದಿಂದ ಇರುವುದಿಲ್ಲ. ಕಂಬ ಕೆಡುವುದು ಬುಡದಲ್ಲಿ, ಫಲಕ ಕೆಡುವುದು ಗೊತ್ತಾಗುವುದು ರಾತ್ರಿಯಲ್ಲಿ. ಹಗಲು ಹೊತ್ತು ಜೀಪಿನಲ್ಲಿ ಕೂತು ಮಾಡುವ ತಪಾಸಣೆಗೆ ಎರಡೂ ಸಿಗುವುದಿಲ್ಲ.

ಮೊದಲು ಕಂಬ. ನಾವು ಜಿಐ ಪೈಪು ಎನ್ನುವುದು ಸತುವಿನ ಲೇಪನವಿರುವ ಉಕ್ಕು. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಎಂಬ ಎಂಜಿನಿಯರ್ 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಉಕ್ಕನ್ನು ಮುಳುಗಿಸಿ ತೆಗೆದರೆ ಎರಡು ಲೋಹಗಳೂ ಬೆಸೆದುಕೊಂಡ ಪದರಗಳು ಮೂಡುತ್ತವೆ. ಲೇಪನದ ದಪ್ಪ 70ರಿಂದ 85 ಮೈಕ್ರಾನ್, ಅಂದರೆ ಒಂದು ತಲೆಗೂದಲಿನಷ್ಟು. ಇಷ್ಟು ತೆಳುವಾದದ್ದು ದಶಕಗಳ ಕಾಲ ಕಾಯುವುದಕ್ಕೆ ಕಾರಣ ಸತುವಿನ ಸ್ವಭಾವ. ನೀರು ತಾಗಿದಲ್ಲಿ ಕಬ್ಬಿಣಕ್ಕಿಂತ ಮೊದಲು ತಾನೇ ಸವೆಯುತ್ತದೆ. ಎಲ್ಲೋ ಒಂದು ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಸುತ್ತಲಿನ ಸತು ತನ್ನನ್ನು ಕೊಟ್ಟುಕೊಂಡು ಅದನ್ನು ಉಳಿಸುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮೇಲ್ಮೈಯಲ್ಲಿ ಸತುವಿನ ಕಾರ್ಬೊನೇಟ್ ಪೊರೆ ಕಟ್ಟುತ್ತದೆ. ಹಳೆಯ ಕಂಬಗಳ ಮಂಕು ಬೂದು ಬಣ್ಣ ಅದರದ್ದೇ. ಆ ಪೊರೆಯನ್ನು ಹೊಳಪಿನ ಆಸೆಗೆ ಉಜ್ಜಿ ತೆಗೆಯಬಾರದು.

ಒಳನಾಡಿನ ಒಣಹವೆಯಲ್ಲಿ ಸತು ವರ್ಷಕ್ಕೆ ಒಂದು ಮೈಕ್ರಾನಿನ ಆಸುಪಾಸು ಸವೆದರೆ, ಉಪ್ಪುಗಾಳಿಯ ಕಡಲಂಚಿನಲ್ಲಿ ಎರಡರಿಂದ ನಾಲ್ಕು ಮೈಕ್ರಾನ್, ಕೆಲವೆಡೆ ಇನ್ನೂ ಹೆಚ್ಚು. ಚಿತ್ರದುರ್ಗದ ಬಯಲಿನಲ್ಲಿ ಎರಡು ತಲೆಮಾರು ಕಾಣಬಹುದಾದ ಕಂಬ ಕಾರವಾರದ ಕಡಲ ಬದಿಯಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಕ್ಕೇ ಬರಿಗಬ್ಬಿಣವಾದೀತು. ಆದರೆ ಈ ಲೆಕ್ಕ ಗಾಳಿಯಲ್ಲಿ ನಿಂತ ಭಾಗಕ್ಕೆ ಮಾತ್ರ. ನೆಲ ಮುಟ್ಟುವ ಒಂದು ಗೇಣಿನ ಕಥೆಯೇ ಬೇರೆ. ಅಲ್ಲಿ ಮಣ್ಣು ಸದಾ ತೇವ. ಕಸ, ಒಣಗಿದೆಲೆ, ಗುಡಿಸಿ ತಂದು ಒಟ್ಟಿದ ಧೂಳು ಆ ತೇವವನ್ನು ಹಿಡಿದಿಡುತ್ತದೆ. ಮೂತ್ರದ ಯೂರಿಯಾ ಒಡೆದು ಅಮೋನಿಯ ಆಗುತ್ತದೆ, ಜೊತೆಗೆ ಕ್ಲೋರೈಡ್ ಲವಣಗಳಿರುತ್ತವೆ. ಇವೆರಡೂ ಸತುವಿನ ರಕ್ಷಾಪೊರೆಯನ್ನು ಕಿತ್ತುಹಾಕುತ್ತವೆ. ನಮ್ಮ ಊರುಗಳಲ್ಲಿ ಈ ತಪ್ಪನ್ನು ನಾಯಿಗಳ ಮೇಲಷ್ಟೇ ಹೊರಿಸುವಂತಿಲ್ಲ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ, ಫುಟ್‌ಪಾತನ್ನು ಎತ್ತರಿಸಿದಾಗ ಕಂಬದ ಕಾಂಕ್ರೀಟ್ ಪಾಯ ಹೂತುಹೋಗುತ್ತದೆ. ಪಾಯದ ತಲೆ ನೆಲಕ್ಕಿಂತ ತುಸು ಮೇಲಿದ್ದು, ನೀರು ಹೊರಕ್ಕೆ ಹರಿದುಹೋಗುವಂತೆ ಇಳಿಜಾರಾಗಿರಬೇಕು ಎಂಬ ಸರಳ ನಿಯಮ ಅಲ್ಲಿಗೆ ಮುಗಿಯಿತು.

ಇನ್ನೊಂದು ದಾರಿ ಮೇಲಿನಿಂದ. ಪೈಪಿನ ಬಾಯಿಗೆ ಹಾಕಿದ ಮುಚ್ಚಳ ಬಿದ್ದುಹೋದರೆ ಮಳೆನೀರು ಒಳಗಿಳಿದು ತಳದಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಮಿರಿಮಿರಿ ಮಿಂಚುತ್ತಿರುವಾಗಲೇ ಒಳಗೆ ಕಂಬ ಟೊಳ್ಳಾಗುತ್ತಿರುತ್ತದೆ. ಅನುಭವಿ ಕೆಲಸಗಾರರು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಮೇಲಿನ ಸದ್ದಿಗೂ ಬುಡದ ಸದ್ದಿಗೂ ವ್ಯತ್ಯಾಸ ಕೇಳಿಸಿಕೊಳ್ಳುತ್ತಾರೆ. ಗಟ್ಟಿ ಲೋಹ ಠಣ್ ಎನ್ನುತ್ತದೆ, ಸವೆದದ್ದು ಮಂಕಾಗಿ ನುಡಿಯುತ್ತದೆ. ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸತುವಿನ ಪುಡಿ ಹೇರಳವಾಗಿರುವ ಬಣ್ಣ ಬಳಿದರೆ ಕಂಬಕ್ಕೆ ಮತ್ತೆ ಹಲವು ವರ್ಷ ಆಯುಸ್ಸು. ಇದಕ್ಕೆ ಬೇಕಾದದ್ದು ಅರ್ಧ ಗಂಟೆಯ ಕೆಲಸ.

ಬಣ್ಣದ ವಿಷಯಕ್ಕೆ ಬಂದರೆ, ನಮ್ಮ ಫಲಕದ ಕಂಬಗಳಿಗೆ 25 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ಪಟ್ಟೆಗಳನ್ನು ಬಳಿಯುವ ಪದ್ಧತಿಯಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರೂಪಿಸಿದ ಸಂಹಿತೆಯಿಂದ ಬಂದದ್ದು ಇದು, ನೆಲಕ್ಕೆ ತಾಗುವ ಪಟ್ಟೆ ಕಪ್ಪು. ರಾಡಿ ಕಾಣದಿರಲಿ ಎಂದರೆ ಒಳ್ಳೆಯದೇ, ಆದರೆ ತುಕ್ಕಿನ ಕಲೆಯೂ ಆ ಕಪ್ಪಿನಲ್ಲೇ ಅಡಗುತ್ತದೆ. ಸಾಮಾನ್ಯ ಎನಾಮಲ್ ಬಣ್ಣವನ್ನು ಸತುವಿನ ಮೇಲೆ ನೇರವಾಗಿ ಬಳಿದರೆ ಬಣ್ಣದ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಸೋಪಿನಂಥ ಪದರವಾಗಿ, ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಸತುವಿಗೆಂದೇ ಇರುವ ಪ್ರೈಮರ್ ಹಚ್ಚದೆ ಮೇಲಿನ ಬಣ್ಣ ನಿಲ್ಲುವುದಿಲ್ಲ. ಹಣ ಖರ್ಚು ಮಾಡಿ ಪ್ರತಿ ವರ್ಷ ಮತ್ತೆ ಬಳಿಯುವ ಎಷ್ಟೋ ಕಡೆ ಈ ಒಂದು ಹೆಜ್ಜೆ ತಪ್ಪಿರುತ್ತದೆ.

ಇನ್ನು ಫಲಕ. ಇದು ಸ್ವಂತ ದೀಪವಿಲ್ಲದೆ ಬೆಳಗುವ ಯಂತ್ರ. ವಾಹನದ ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಅದನ್ನು ಹಿಂದಿರುಗಿಸುತ್ತದೆ. ಹಳೆಯ ಬಗೆಯ ಹಾಳೆಗಳಲ್ಲಿ ಸೂಕ್ಷ್ಮ ಗಾಜಿನ ಮಣಿಗಳಿರುತ್ತವೆ. ಹೊಸ ಬಗೆಯದರಲ್ಲಿ ಮೂರು ಮುಖಗಳು ಪರಸ್ಪರ ಲಂಬವಾಗಿ ಸೇರುವ ಪುಟ್ಟ ಮೂಲೆಗಳು ಸಾವಿರಾರು. ಕೋಣೆಯ ಮೂಲೆಗೆ ಎಸೆದ ಚೆಂಡು ಮೂರೂ ಬದಿಗೆ ಬಡಿದು ಎಸೆದವರ ಕಡೆಗೇ ಮರಳುವ ಜ್ಯಾಮಿತಿಯೇ ಇಲ್ಲಿಯದೂ. ಅಪೊಲೊ 11ರ ಯಾತ್ರಿಗಳು 1969ರಲ್ಲಿ ಚಂದ್ರನ ಮೇಲಿಟ್ಟ ಲೇಸರ್ ಪ್ರತಿಫಲಕದಲ್ಲಿರುವುದು ಇಂಥ 100 ಗಾಜಿನ ಮೂಲೆಗಳು. ಚಂದ್ರಯಾನ-3ರ ವಿಕ್ರಮ್ ನೌಕೆಯ ಮೇಲೂ ನಾಸಾದ ಪುಟ್ಟದೊಂದು ಪ್ರತಿಫಲಕವಿದೆ. ಚಂದ್ರನ ಮೇಲಿನ ಹಳೆಯ ಪ್ರತಿಫಲಕಗಳಿಂದ ಈಗ ನಿರೀಕ್ಷಿಸಿದ್ದಕ್ಕಿಂತ ಹತ್ತು ಪಟ್ಟು ಕಡಿಮೆ ಬೆಳಕು ಮರಳುತ್ತಿದೆ ಎಂದು 2010ರಲ್ಲಿ ಟಾಮ್ ಮರ್ಫಿ ಮತ್ತು ಸಂಗಡಿಗರು ವರದಿ ಮಾಡಿದರು. ಅವರ ಮುಖ್ಯ ಗುಮಾನಿ ಧೂಳಿನ ಮೇಲೆ. ಗಾಳಿಯೇ ಇಲ್ಲದ ಚಂದ್ರನಲ್ಲೇ ಈ ಗತಿಯಾದರೆ ಸಂಡೂರು-ಹೊಸಪೇಟೆಯ ಅದಿರು ಲಾರಿಗಳ ದಾರಿಯಲ್ಲಿ ಏನಾಗಬೇಡ!

ಧೂಳು ಇಷ್ಟು ಹಾನಿ ಮಾಡುವುದಕ್ಕೆ ಲೆಕ್ಕ ಸರಳ. ಬೆಳಕು ಕೊಳೆಯ ಪದರವನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು. ಕೊಳೆ ಶೇ 70ರಷ್ಟು ಬೆಳಕನ್ನು ಬಿಟ್ಟುಕೊಟ್ಟರೂ ಮರಳುವುದು ಶೇ 49 ಮಾತ್ರ. ಶೇ 50 ಬಿಟ್ಟುಕೊಟ್ಟರೆ ಉಳಿಯುವುದು ಕಾಲು ಭಾಗ. ಹಗಲಿನಲ್ಲಿ ಅದೇ ಫಲಕ ತುಸು ಮಾಸಿದಂತೆ ಕಂಡರೂ ಓದಲು ಬರುತ್ತದೆ. ಕೆಂಪು ಬಣ್ಣದ್ದು ಮತ್ತೊಂದು ಕಷ್ಟ. ಕೆಂಪು ವರ್ಣದ್ರವ್ಯ ನೀಲಿ, ನೇರಳೆಯಂಥ ಹೆಚ್ಚು ಶಕ್ತಿಯ ಬೆಳಕನ್ನೆಲ್ಲ ಹೀರಿಕೊಳ್ಳುವುದರಿಂದ ಬಿಸಿಲಿಗೆ ಬೇಗ ಒಡೆಯುತ್ತದೆ. ವೇಗಮಿತಿಯ ಕೆಂಪು ಉಂಗುರ ಗುಲಾಬಿಯಾಗಿ, ಆಮೇಲೆ ಬಿಳಿಯಾಗಿಬಿಡುವುದು ಹೀಗೆ. ಅದನ್ನು ತೊಳೆದು ಫಲವಿಲ್ಲ, ಹಾಳೆಯನ್ನೇ ಬದಲಿಸಬೇಕು.

ತೊಳೆಯುವುದಕ್ಕೂ ಕ್ರಮವಿದೆ. ಮೊದಲು ಬರೀ ನೀರು ಹರಿಸಿ ಮರಳಿನ ಕಣಗಳನ್ನು ಇಳಿಸಬೇಕು, ಇಲ್ಲದಿದ್ದರೆ ಬಟ್ಟೆಯ ಕೆಳಗೆ ಸಿಕ್ಕಿ ಅವು ಹಾಳೆಯನ್ನು ಗೀರುತ್ತವೆ. ಆಮೇಲೆ ಆಮ್ಲವೂ ಕ್ಷಾರವೂ ಅಲ್ಲದ ಸೌಮ್ಯ ಸಾಬೂನು ನೀರು, ಮೆತ್ತನೆಯ ಸ್ಪಂಜು, ಮೇಲಿನಿಂದ ಕೆಳಕ್ಕೆ. ಕೊನೆಗೆ ಮತ್ತೆ ನೀರು. ಥಿನ್ನರ್ ಬಳಿದರೆ ಪ್ಲಾಸ್ಟಿಕ್ ಹಾಳೆ ಮಂಜಾಗುತ್ತದೆ. ಜೋರು ಒತ್ತಡದ ಪೈಪನ್ನು ಓರೆಯಾಗಿ ಹಿಡಿದರೆ ಅಂಚು ಕಿತ್ತು ಬರುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಅಂತೂ ಸತುವನ್ನು ಕಣ್ಣೆದುರೇ ಕರಗಿಸುತ್ತದೆ. ಕಂಬಕ್ಕೆ ಮೆತ್ತಿದ ಪೋಸ್ಟರನ್ನು ಚಾಕುವಿನಿಂದ ಕೆರೆಯದೆ ನೀರಿನಲ್ಲಿ ನೆನೆಸಿ ಬಿಡಿಸುವುದು ಒಳ್ಳೆಯದು. ಅಂಟಿಸುವುದನ್ನೇ ತಡೆಯಲು 1981ರಲ್ಲೇ ಕರ್ನಾಟಕ ಕಾನೂನು ಮಾಡಿದೆ, ಜಾರಿ ಮಾಡುವ ಮನಸ್ಸು ಬೇಕು.

ಜರ್ಮನಿಯಲ್ಲಿ ರಸ್ತೆಯಂಚಿಗೆ ಸುಮಾರು 50 ಮೀಟರಿಗೊಂದರಂತೆ ಪ್ರತಿಫಲಕವಿರುವ ಗುರುತುಗಂಬಗಳಿರುತ್ತವೆ. ಅವನ್ನು ತೊಳೆಯಲು ಲಾರಿಯ ಮುಂದೆ ಜೋಡಿಸುವ ಯಂತ್ರವೇ ಇದೆ. ನೀರು ಚಿಮ್ಮಿಸುತ್ತ, ತಿರುಗುವ ಬ್ರಷ್ಷುಗಳು ಕಂಬವನ್ನು ಉಜ್ಜುತ್ತವೆ, ಚಾಲಕ ಕೆಳಗಿಳಿಯಬೇಕಿಲ್ಲ. ಅಂಥ ಯಂತ್ರ ನಮಗೆ ಈಗಲೇ ಬೇಕೆಂದು ನಾನು ಹೇಳುವುದಿಲ್ಲ. ನೀರಿನ ಟ್ಯಾಂಕರ್, ಏಣಿ, ಇಬ್ಬರು ಕೆಲಸಗಾರರು, ಅವರ ಹಿಂದೆ ವಾಹನಗಳನ್ನು ತಡೆದು ಕಾಯುವ ಒಬ್ಬರು, ಇಷ್ಟು ಸಾಕು. ಫಲಕ ನೆಡುವ ಟೆಂಡರಿನಲ್ಲೇ ತೊಳೆಯುವ, ಬುಡ ನೋಡುವ ಕೆಲಸವೂ ಸೇರಿದರೆ ಅರ್ಧ ತೊಂದರೆ ಕಳೆಯುತ್ತದೆ.

ಓದುಗರಿಗೂ ಒಂದು ಕೆಲಸ. ನಿಮ್ಮ ಮನೆಯ ಹತ್ತಿರದ ಶಾಲೆಯ ಮುಂದಿರುವ ಫಲಕವನ್ನು ಕತ್ತಲಾದ ಮೇಲೆ ನೋಡಿ. ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ, ವಾಹನಗಳಿಂದ ಸುರಕ್ಷಿತವಾದ ಕಡೆ ನಿಂತು ಮೊಬೈಲಿನ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿಯಿರಿ. ಮರಳುವ ಬೆಳಕು ಟಾರ್ಚಿನ ಕಡೆಗೇ ಬರುವುದರಿಂದ ಕೈ ಕೆಳಗಿದ್ದರೆ ಪರೀಕ್ಷೆ ಸರಿಯಾಗದು. ಅಕ್ಷರಗಳು ಹೊಳೆಯದಿದ್ದರೆ, ಕಂಬದ ಬುಡದಲ್ಲಿ ತುಕ್ಕು ಕಂಡರೆ ಊರೊಳಗಿನದಾದರೆ ನಗರಸಭೆಗೋ ಪಂಚಾಯಿತಿಗೋ, ರಾಜ್ಯ ಹೆದ್ದಾರಿಯದಾದರೆ ಲೋಕೋಪಯೋಗಿ ಇಲಾಖೆಗೆ ಬರೆದು ತಿಳಿಸಿ. ರಾಷ್ಟ್ರೀಯ ಹೆದ್ದಾರಿಯದಾದರೆ 1033ಕ್ಕೆ ಕರೆ ಮಾಡಿ.