ಒಂದು ರಾತ್ರಿಯ ಟ್ರೋಫಿಯೋ, ವರ್ಷವಿಡೀ ನಡೆಯುವ ಕ್ಲಬ್ಬೋ?

ಮೆಸ್ಸಿ ಯಾವ ದೇಶದವ ಎಂದು ಕೇಳಿದರೆ ಮದ್ರಸದ ಎರಡನೇ ತರಗತಿಯ ಮಕ್ಕಳೂ ಕೈ ಎತ್ತುತ್ತಾರೆ. ವಿಶ್ವಕಪ್ ಬಂತೆಂದರೆ ಬೆಂಗ್ರೆಯಿಂದ ಉಳ್ಳಾಲದವರೆಗೆ ಗಲ್ಲಿ ಗಲ್ಲಿಯಲ್ಲಿ ಅರ್ಜೆಂಟೀನಾ, ಬ್ರೆಝಿಲ್, ಪೋರ್ಚುಗಲ್‌ನ ಫ್ಲೆಕ್ಸ್. ಆದರೆ ‘ಬೆಂಗಳೂರು ಮುಸ್ಲಿಮ್ಸ್’ ಎಂಬ ತಂಡದ ಹೆಸರು ಕೇಳಿದ್ದೀರಾ ಎಂದರೆ ಮಕ್ಕಳು ಬಿಡಿ, ದೊಡ್ಡವರೂ ಮುಖ ಮುಖ ನೋಡಿಕೊಳ್ತಾರೆ. ನಮ್ಮದೇ ರಾಜ್ಯದ ಈ ತಂಡ ದೇಶದ ಫುಟ್ಬಾಲ್ ಚರಿತ್ರೆಯಲ್ಲಿ ದೊಡ್ಡ ಹೆಸರು.

ಬೊಂಬಾಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ ಶುರುವಾಯಿತು. ನಲುವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಗೆದ್ದವರೆಲ್ಲ ಬ್ರಿಟಿಷ್ ಸೇನೆಯ ತಂಡಗಳು. 1937ರಲ್ಲಿ ಮೊದಲ ಬಾರಿಗೆ ಭಾರತೀಯರ ತಂಡವೊಂದು ಆ ಕಪ್ ಎತ್ತಿತು. ಅದೇ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಎದುರಾಳಿ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್, ಒಂದೇ ಒಂದು ಗೋಲಿನ ಗೆಲುವು. ಮರುವರ್ಷ 1938ರಲ್ಲಿ ಮತ್ತೆ ಅದೇ ಕಪ್, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಇನ್ನೊಮ್ಮೆ.

ಈ ತಂಡದಲ್ಲಿ ಆಡಿ ಬೆಳೆದವರಲ್ಲಿ ಒಬ್ಬರು ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1948ರ ಲಂಡನ್ ಒಲಿಂಪಿಕ್ಸ್, 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನ ಚಿನ್ನ, 1952ರ ಹೆಲ್ಸಿಂಕಿ ಒಲಿಂಪಿಕ್ಸ್, ಮೂರರಲ್ಲೂ ಭಾರತ ತಂಡದಲ್ಲಿದ್ದರು. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ ಅವರೂ ಸೇರಿ ಐವರು ಮುಂಚೂಣಿ ಆಟಗಾರರನ್ನು ಜನ ‘ಪಂಚ ಪಾಂಡವರು’ ಎಂದು ಕರೆಯುತ್ತಿದ್ದರು. ಆ ಐವರಲ್ಲಿ ಇಬ್ಬರು ಮುಸ್ಲಿಮರು, ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಕೇರಳದ ಸಾಲೆಹ್. ಮೈದಾನದಲ್ಲಿ ಜನ ನೋಡುವುದು ಆಟವನ್ನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಅದೇ ಹೆಲ್ಸಿಂಕಿಯಲ್ಲಿ ಇನ್ನೊಂದು ಪಾಠವೂ ಉಂಟು. ಆ ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಯುಗೊಸ್ಲಾವಿಯ 10, ಭಾರತ 1. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಅದರ ನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾದದ್ದು. ಕಾಲಲ್ಲಿ ಕಲೆ ಇದ್ದರೆ ಸಾಲದು, ಆ ಕಾಲಿಗೆ ಬೂಟು ಹಾಕಿ ಕಳಿಸುವ ಒಂದು ವ್ಯವಸ್ಥೆ ಹಿಂದೆ ಬೇಕು. ಆ ವ್ಯವಸ್ಥೆಗೇ ಕ್ಲಬ್ ಎನ್ನುವುದು.

ವ್ಯವಸ್ಥೆ ಗಟ್ಟಿಯಿದ್ದರೆ ಏನಾಗ್ತದೆ, ಸಡಿಲವಾದರೆ ಏನಾಗ್ತದೆ ಎಂಬುದಕ್ಕೆ ಮೊಹಮ್ಮಡನ್ ಸ್ಪೋರ್ಟಿಂಗ್ ಕತೆಯೇ ಸಾಕು. 1891ರಲ್ಲಿ ಹುಟ್ಟಿದ ಕ್ಲಬ್. ಬೆಂಗಳೂರು ಸಹಿತ ದೂರದೂರಿನ ಹುಡುಗರನ್ನು ಕರೆಸಿ, ಬೇರೆಯವರು ಬರಿಗಾಲಲ್ಲಿ ಆಡುವಾಗಲೇ ಅವರ ಕಾಲಿಗೆ ಬೂಟು ತೊಡಿಸಿ, 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದಿತು. 1940ರಲ್ಲಿ ಡ್ಯೂರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಅಂಥ ಕ್ಲಬ್ ಮುಂದೆ ವರ್ಷಗಟ್ಟಲೆ ಎರಡನೇ ದರ್ಜೆಯ ಲೀಗ್‌ನಲ್ಲಿ ಒದ್ದಾಡಬೇಕಾಯಿತು. 2020ರಲ್ಲಿ ಐ-ಲೀಗ್‌ಗೆ ಮೇಲೆ ಬಂತು, 2023-24ರಲ್ಲಿ ಅದನ್ನು ಗೆದ್ದು ಐಎಸ್‌ಎಲ್‌ಗೆ ಏರಿತು. ಅಲ್ಲಿನ ಮೊದಲ ವರ್ಷವೇ ಕೊನೆಯ ಸ್ಥಾನ. ಹಳೆಯ ಹೆಸರು ಗೌರವ ತರ್ತದೆ, ಅಂಕ ತರುವುದಿಲ್ಲ.

ಈಗ ಇಂದಿನ ಬೆಂಗಳೂರಿಗೆ ಬರೋಣ. ಬೆಂಗಳೂರು ಎಂದರೆ ನಮ್ಮ ಹುಡುಗರಿಗೆ ಸುನಿಲ್ ಛೆಟ್ರಿ ಆಡಿದ ದೊಡ್ಡ ಕ್ಲಬ್ ಒಂದೇ ಗೊತ್ತು. ಆದರೆ ಅದರ ಕೆಳಗಿನ ಮೆಟ್ಟಿಲುಗಳಲ್ಲೂ ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುವ ಕ್ಲಬ್‌ಗಳಿವೆ. ಅದರಲ್ಲಿ ಒಂದು ಎಸ್‌ಸಿ ಬೆಂಗಳೂರು. ಮೊದಲು ಬೆಂಗಳೂರು ಈಗಲ್ಸ್ ಎಂಬ ಹೆಸರಿತ್ತು. ಐ-ಲೀಗ್‌ನ ಮೂರನೇ ಮೆಟ್ಟಿಲಿನಲ್ಲಿ ಆಡಿ ಎರಡನೆಯದಕ್ಕೆ ಹತ್ತಿತು. 2024ರಲ್ಲಿ ಐ-ಲೀಗ್ 2 ಗೆದ್ದು ನೇರ ಐ-ಲೀಗ್‌ಗೆ ಹೋಯಿತು. 2024-25ರಲ್ಲಿ ಅಂಕಪಟ್ಟಿಯ ಕೊನೆಯ ಎರಡು ತಂಡಗಳಲ್ಲಿ ಒಂದಾಗಿ ಮತ್ತೆ ಕೆಳಗಿಳಿಯಿತು. ಹತ್ತುವುದು ಎಷ್ಟು ಕಷ್ಟವೋ ನಿಲ್ಲುವುದು ಅದಕ್ಕಿಂತ ಕಷ್ಟ. ಆದರೂ ಮೆಟ್ಟಿಲು ಇದೆ, ಹತ್ತಿದವರಿದ್ದಾರೆ ಎಂಬುದು ಮುಖ್ಯ.

ಮೆಟ್ಟಿಲು ಹೀಗಿದೆ: ಕೆಳಗೆ ಜಿಲ್ಲಾ ಮಟ್ಟದ ಆಟ, ಅದರ ಮೇಲೆ ರಾಜ್ಯದ ಲೀಗ್, ಬೆಂಗಳೂರಿನ ಸೂಪರ್ ಡಿವಿಷನ್. ಅಲ್ಲಿಂದ ಐ-ಲೀಗ್ 3, ಐ-ಲೀಗ್ 2, ಹಾಗೇ ಮೇಲಕ್ಕೆ. ಇನ್ನೊಂದು ಕಡೆ ಕೇರಳದಲ್ಲಿ 2024ರಲ್ಲಿ ಆರು ತಂಡಗಳ ಸೂಪರ್ ಲೀಗ್ ಕೇರಳ ಶುರುವಾಗಿದೆ. ಅದರಲ್ಲಿ ಕಣ್ಣೂರಿನದೂ ಒಂದು ತಂಡ. ರೈಲು ಹತ್ತಿದರೆ ಮಂಗಳೂರಿನವನಿಗೆ ಬೆಂಗಳೂರಿಗಿಂತ ಕಣ್ಣೂರೇ ಹತ್ತಿರ ಅಲ್ವಾ? ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಫಿ ಭಾರತ ತಂಡಕ್ಕೆ ಆಡಿದ್ದಾರೆ, ಕೇರಳ ಬ್ಲಾಸ್ಟರ್ಸ್‌ಗೂ ಆಡಿದ್ದಾರೆ. ಅವರೂ ಇದೇ ಕರಾವಳಿಯವರು.

ಹಾಗಾದರೆ ನಮ್ಮ ಹುಡುಗರು ಆ ಮೆಟ್ಟಿಲಿನಲ್ಲಿ ಯಾಕೆ ಕಾಣುವುದು ಕಡಿಮೆ? ಆಡುವವರು ಇಲ್ಲದೆ ಅಲ್ಲ. ಬಂದರಿನಿಂದ ದೋಣಿ ದಾಟಿ ಕಸಬಾ ಬೆಂಗ್ರೆಗೆ ಹೋಗಿ ನೋಡಿ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ಮಧ್ಯದ ಮರಳಲ್ಲಿ ಅಸರ್ ಆದ ಮೇಲೆ ಚೆಂಡು. ನೆಹರೂ ಮೈದಾನದಲ್ಲಿ ಫುಟ್ಬಾಲ್ ಪಂದ್ಯ ಇದ್ದರೆ ಸುತ್ತ ನಿಂತವರಲ್ಲಿ ನಮ್ಮವರೇ ಎಷ್ಟೋ ಜನ. ಆಟ ಉಂಟು, ನೋಡುವವರು ಉಂಟು. ಇಲ್ಲದಿರುವುದು ವರ್ಷವಿಡೀ ನಡೆಯುವ ಕ್ಲಬ್.

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಸೆವೆನ್ಸ್. ಏಳು ಜನ, ಸಣ್ಣ ಮೈದಾನ, ರಾತ್ರಿ ಲೈಟು, ಆಳೆತ್ತರದ ಟ್ರೋಫಿ. ದುಡ್ಡು ಕೊಟ್ಟು ಹೊರಗಿನಿಂದ ಗೆಸ್ಟ್ ಆಟಗಾರರನ್ನು ಕರೆಸುತ್ತಾರೆ. ನೋಡಲಿಕ್ಕೆ ಖುಷಿ, ಅದನ್ನು ಬೇಡ ಎನ್ನುವುದಿಲ್ಲ. ಮೊಹಲ್ಲಾದ ಯುವಕರು ಒಟ್ಟಾಗುವುದು ಒಳ್ಳೆಯದೇ. ಆದರೆ ಸೆವೆನ್ಸ್ ಬೇರೆ, ಹನ್ನೊಂದು ಜನರ ಆಟ ಬೇರೆ. ಬಹುತೇಕ ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲ. ದೊಡ್ಡ ಮೈದಾನದಲ್ಲಿ ತೊಂಬತ್ತು ನಿಮಿಷ ಜಾಗ ನೋಡಿಕೊಂಡು ಓಡುವ ಅಭ್ಯಾಸ ಅದರಲ್ಲಿ ಸಿಗುವುದಿಲ್ಲ. ಹದಿನೆಂಟರ ಹುಡುಗ ಊರಲ್ಲಿ ‘ಸ್ಟಾರ್’ ಆಗಿರ್ತಾನೆ, ಟ್ರಯಲ್ಸ್‌ಗೆ ಹೋದರೆ ಎರಡನೇ ದಿನ ಬ್ಯಾಗ್ ಹಿಡಿದು ವಾಪಸ್. ಆಮೇಲೆ ಪಾಸ್‌ಪೋರ್ಟ್, ವೀಸಾ, ಗಲ್ಫ್.

ಇನ್ನೊಂದು ವಿಷಯ ದಾಖಲೆ. ಅಧಿಕೃತ ಲೀಗ್‌ನಲ್ಲಿ ಆಡಬೇಕಾದರೆ ಆಟಗಾರನ ನೋಂದಣಿ ಆಗಬೇಕು, ವಯಸ್ಸಿನ ದಾಖಲೆ ಸರಿ ಇರಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಜನನ ಪ್ರಮಾಣಪತ್ರದಲ್ಲಿ ಒಂದು ತಾರೀಕು, ಶಾಲೆಯಲ್ಲಿ ಇನ್ನೊಂದು. ಒಂದರಲ್ಲಿ ‘ಮೊಹಮ್ಮದ್’, ಇನ್ನೊಂದರಲ್ಲಿ ‘ಮುಹಮ್ಮದ್’, ಮತ್ತೊಂದರಲ್ಲಿ ಬರೀ ‘ಎಂ’. ಹದಿಮೂರರ ಒಳಗಿನವರ, ಹದಿನೈದರ ಒಳಗಿನವರ ಆಯ್ಕೆಯಲ್ಲಿ ಇಂಥ ಕಾಗದದಿಂದಲೇ ಮಗು ಹೊರಗುಳಿಯಬಹುದು. ಕಾಲಿಗೆ ಬೂಟು ಕೊಡಿಸುವ ಮೊದಲು ಈ ಕಾಗದ ಸರಿ ಮಾಡಿಸಿ. ಆಟಕ್ಕೆ ಆಗದಿದ್ದರೂ ಓದಿಗೆ, ಕೆಲಸಕ್ಕೆ ಬೇಕಾಗ್ತದೆ.

“ಉಸ್ತಾದರೇ, ಆಟದಲ್ಲಿ ಎಂತ ಉಂಟು? ಮಕ್ಕಳು ಹಾಳಾಗ್ತಾರೆ” ಎನ್ನುವ ಪೋಷಕರಿದ್ದಾರೆ. ಪ್ರವಾದಿ ﷺ ಅವರು ಆಯಿಶಾ ಬೀವಿಯವರ ಜೊತೆ ಓಟದ ಸ್ಪರ್ಧೆ ಮಾಡಿದ್ದು, ಬಿಲ್ಲುಗಾರಿಕೆಗೆ ಪ್ರೋತ್ಸಾಹ ಕೊಟ್ಟದ್ದು, ದುರ್ಬಲ ವಿಶ್ವಾಸಿಗಿಂತ ಬಲಶಾಲಿ ವಿಶ್ವಾಸಿ ಮೇಲು ಎಂದು ಕಲಿಸಿದ್ದು ನಮಗೆ ಗೊತ್ತು. ಆಟದಿಂದ ಯಾರೂ ಹಾಳಾಗುವುದಿಲ್ಲ. ಆಟದ ಹೆಸರಲ್ಲಿ ಮಗ್ರಿಬ್, ಇಶಾ ತಪ್ಪಿ, ರಾತ್ರಿ ಎರಡು ಗಂಟೆಗೆ ಮನೆಗೆ ಬಂದು, ಸುಬಹಿ ಹೋಗಿ, ಮದ್ರಸ ಹೋಗಿ, ಶಾಲೆಯಲ್ಲಿ ಬೆಂಚಿನ ಮೇಲೆ ನಿದ್ದೆ ಮಾಡಿದರೆ ಹಾಳಾಗ್ತಾರೆ. ಬೆಟ್ಟಿಂಗ್ ಸೇರಿದರೆ ಹಾಳಾಗ್ತಾರೆ. ಸಂಬಳ ಪಡೆದು ಆಡುವವನ ದಿನಚರಿ ನೋಡಿದರೆ ಅದು ಇದಕ್ಕೆ ಪೂರ್ತಿ ವಿರುದ್ಧ. ಬೇಗ ಮಲಗಬೇಕು, ಬೇಗ ಏಳಬೇಕು, ಬಾಯಿಗೆ ಹಾಕುವುದನ್ನು ನೋಡಿ ಹಾಕಬೇಕು. ಸುಬಹಿಗೆ ಏಳುವ ಹುಡುಗನಿಗೆ ಇದು ಹೊಸದೇನಲ್ಲ.

ಹಾಗೆಂದು ಎಲ್ಲರೂ ಆಟಗಾರರೇ ಆಗಿ ಎನ್ನುತ್ತಿಲ್ಲ. ಕೆಳ ದರ್ಜೆಯ ಕ್ಲಬ್‌ಗಳ ಗುತ್ತಿಗೆ ಹೆಚ್ಚಾಗಿ ಕಡಿಮೆ ಅವಧಿಯದು. ಮೊಣಕಾಲಿಗೆ ಪೆಟ್ಟು ಬಿದ್ದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಎಸೆಸೆಲ್ಸಿ, ಪಿಯುಸಿ ಬಿಟ್ಟು ಆಟ ಬೇಡವೇ ಬೇಡ. ಓದು ಒಂದು ಕಾಲು, ಆಟ ಇನ್ನೊಂದು ಕಾಲು. ಒಂಟಿ ಕಾಲಲ್ಲಿ ಯಾರೂ ಚೆಂಡು ಹೊಡೆಯಲಿಕ್ಕೆ ಆಗುವುದಿಲ್ಲ.

ನಮ್ಮ ಯುವಕ ಸಂಘಗಳು, ಜಮಾಅತ್‌ಗಳು ಒಂದು ಲೆಕ್ಕ ಹಾಕಿ ನೋಡಬೇಕು. ಒಂದು ರಾತ್ರಿಯ ಟೂರ್ನಮೆಂಟಿನ ಲೈಟು, ಸ್ಟೇಜು, ಟ್ರೋಫಿ, ಗೆಸ್ಟ್ ಆಟಗಾರರ ಖರ್ಚು ಎಷ್ಟು? ಅದರಲ್ಲಿ ಒಂದು ಪಾಲು ತೆಗೆದಿಟ್ಟರೆ ಹನ್ನೆರಡರಿಂದ ಹದಿನೈದು ವರ್ಷದ ಇಪ್ಪತ್ತು ಮಕ್ಕಳಿಗೆ ಬೂಟು, ಚೆಂಡು, ವಾರಕ್ಕೆ ಮೂರು ದಿನ ಒಬ್ಬ ತರಬೇತಾದ ಕೋಚ್. ಮದ್ರಸದ ಹೊತ್ತು ಬಿಟ್ಟು ಅಸರ್‌ನಿಂದ ಮಗ್ರಿಬ್‌ವರೆಗೆ ಅಭ್ಯಾಸ. ಜಿಲ್ಲಾ ಫುಟ್ಬಾಲ್ ಅಸೋಸಿಯೇಷನ್‌ನಲ್ಲಿ ತಂಡದ ನೋಂದಣಿ. ಲೆಕ್ಕದ ಪುಸ್ತಕ, ಹಾಜರಿ ಪುಸ್ತಕ. ಅದರಲ್ಲಿ ಪಕ್ಕದ ಮನೆಯ ಹಿಂದೂ, ಕ್ರೈಸ್ತ ಮಕ್ಕಳಿಗೂ ಜಾಗ ಇರಲಿ. ಪಾಸ್ ಕೊಡುವವನ ಹೆಸರು ಕೇಳಿ ಯಾರೂ ಗೋಲು ಹೊಡೆಯುವುದಿಲ್ಲ.

ಇಷ್ಟು ಮಾಡಿದರೆ ನಾಳೆಯೇ ಕಪ್ ಬರ್ತದೆ ಎಂದಲ್ಲ. ಇಪ್ಪತ್ತರಲ್ಲಿ ಒಬ್ಬ ರಾಜ್ಯ ಲೀಗ್‌ಗೆ ಹೋದರೆ ಅದೇ ದೊಡ್ಡದು. ಉಳಿದ ಹತ್ತೊಂಬತ್ತು ಮಂದಿ ಸಮಯಕ್ಕೆ ಬರುವುದು, ಸೋತಾಗ ಕೈ ಕುಲುಕುವುದು, ನಶೆಯಿಂದ ದೂರ ಇರುವುದು ಕಲಿತರೆ ಅದು ಕ್ಲಬ್‌ನ ಗೆಲುವಲ್ವಾ? ಮಳೆ ನಿಂತ ಮೇಲೆ ಟೂರ್ನಮೆಂಟಿನ ರಶೀದಿ ಪುಸ್ತಕ ಹಿಡಿದು ಹುಡುಗರು ಮನೆಗೆ ಬರ್ತಾರೆ. ಚಂದಾ ಕೊಡಿ. ಕೊಡುವಾಗ ಒಂದು ಮಾತು ಕೇಳಿ: “ಇದರಲ್ಲಿ ಮಕ್ಕಳ ತಂಡಕ್ಕೆ ಎಷ್ಟು ಮಕ್ಕಳೇ?”