ಕಾರಿನಲ್ಲಿ ಲ್ಯಾಪ್‌ಟಾಪ್‌ಗೆ ವಿದ್ಯುತ್: ವಿಧಾನ ಮತ್ತು ಲೆಕ್ಕಾಚಾರ

ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಕಚೇರಿಯು ಇಂದು ಬಹುಮಟ್ಟಿಗೆ ಲ್ಯಾಪ್‌ಟಾಪ್‌ನಲ್ಲಿಯೇ ಅಡಕವಾಗಿದೆ. ದರಪಟ್ಟಿ, ದಾಸ್ತಾನು ವಿವರ, ಬಿಲ್ಲುಗಳಷ್ಟೇ ಅಲ್ಲದೆ, 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ವೇ ಬಿಲ್ಲನ್ನೂ ಪ್ರಯಾಣದ ನಡುವೆಯೇ ಸಿದ್ಧಪಡಿಸಬೇಕಾದ ಪ್ರಸಂಗಗಳು ಒದಗುತ್ತವೆ. ಆಗ ಲ್ಯಾಪ್‌ಟಾಪ್‌ನ ಬ್ಯಾಟರಿ ಬರಿದಾದರೆ ಕೆಲಸ ನಿಲ್ಲುತ್ತದೆ. ಅದನ್ನು ಚಾರ್ಜ್ ಮಾಡಲು ಹೋಗಿ ಕಾರಿನ ಬ್ಯಾಟರಿಯೇ ಬರಿದಾದರೆ ಪ್ರಯಾಣವೂ ನಿಲ್ಲುತ್ತದೆ. ಈ ಎರಡೂ ತೊಂದರೆಗಳನ್ನು ತಪ್ಪಿಸಲು ಸರಳ ಲೆಕ್ಕಾಚಾರವೊಂದು ಸಾಕು.

ಮೂರು ವಿಧಾನಗಳು

ಕಾರಿನ ಬ್ಯಾಟರಿಯು 12 ವೋಲ್ಟ್‌ನ ಡಿ.ಸಿ. ವಿದ್ಯುತ್ತನ್ನು ನೀಡುತ್ತದೆ, ಎಂಜಿನ್ ಚಾಲನೆಯಲ್ಲಿದ್ದಾಗ ಇದು ಸುಮಾರು 14 ವೋಲ್ಟ್‌ಗೆ ಏರುತ್ತದೆ. ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಬೇಕಾದುದು 19ರಿಂದ 20 ವೋಲ್ಟ್. ಆದುದರಿಂದ ನಡುವೆ ಒಂದು ಪರಿವರ್ತಕ ಸಾಧನ ಅನಿವಾರ್ಯ.

ಮೊದಲನೆಯದು ಇನ್ವರ್ಟರ್. ಇದು 12 ವೋಲ್ಟ್ ಡಿ.ಸಿ.ಯನ್ನು 230 ವೋಲ್ಟ್ ಎ.ಸಿ.ಗೆ ಬದಲಿಸುತ್ತದೆ, ಮನೆಯ ಅಡಾಪ್ಟರ್ ಅದನ್ನು ಮತ್ತೆ ಡಿ.ಸಿ.ಗೆ ಇಳಿಸುತ್ತದೆ. ಎರಡು ಬಾರಿ ಪರಿವರ್ತನೆ ನಡೆಯುವುದರಿಂದ ವಿದ್ಯುತ್ತಿನ ಸುಮಾರು ಕಾಲು ಭಾಗ ಶಾಖವಾಗಿ ನಷ್ಟವಾಗಬಹುದು. ಎರಡನೆಯದು ಕಾರ್ ಅಡಾಪ್ಟರ್. ಇದು 12 ವೋಲ್ಟನ್ನು ನೇರವಾಗಿ 19 ವೋಲ್ಟ್‌ಗೆ ಏರಿಸುವುದರಿಂದ ನಷ್ಟ ಕಡಿಮೆ. ಮೂರನೆಯದು ಯು.ಎಸ್.ಬಿ. ಟೈಪ್-ಸಿ ಕಾರ್ ಚಾರ್ಜರ್. ಟೈಪ್-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್‌ಗಳಿಗೆ ಇದೇ ಅನುಕೂಲಕರ. ಆದರೆ ಪೆಟ್ಟಿಗೆಯ ಮೇಲಿನ ಒಟ್ಟು ವಾಟ್‌ಗಿಂತ ಒಂದು ಪೋರ್ಟ್‌ಗೆ ದೊರೆಯುವ ವಾಟ್ ಮುಖ್ಯ. 60 ವಾಟ್‌ಗಿಂತ ಹೆಚ್ಚು ಬೇಕಿದ್ದಲ್ಲಿ 5 ಆಂಪಿಯರ್ ಸಾಮರ್ಥ್ಯದ ಕೇಬಲ್ ಕೂಡ ಅಗತ್ಯ.

ವಾಟ್ ಲೆಕ್ಕ

ಲ್ಯಾಪ್‌ಟಾಪ್‌ನ ಅಗತ್ಯವು ಅದರ ಅಡಾಪ್ಟರ್ ಮೇಲೆಯೇ ಮುದ್ರಿತವಾಗಿರುತ್ತದೆ. ಉದಾಹರಣೆಗೆ, 19.5 ವೋಲ್ಟ್ ಮತ್ತು 3.34 ಆಂಪಿಯರ್ ಎಂದಿದ್ದರೆ, ಎರಡನ್ನೂ ಗುಣಿಸಿದಾಗ 65 ವಾಟ್ ಬರುತ್ತದೆ. ಕಾರ್ ಅಡಾಪ್ಟರ್‌ನ ದಕ್ಷತೆ ಶೇ. 85 ಎಂದು ಭಾವಿಸಿದರೆ, ಕಾರಿನಿಂದ ಸುಮಾರು 76 ವಾಟ್, ಅಂದರೆ 6.4 ಆಂಪಿಯರ್ ಪಡೆಯಬೇಕಾಗುತ್ತದೆ.

ಲೈಟರ್ ಸಾಕೆಟ್‌ನ ಫ್ಯೂಸ್ 10 ಆಂಪಿಯರ್‌ನದಾಗಿದ್ದರೆ ಅದರ ಮಿತಿ 120 ವಾಟ್. ಆದುದರಿಂದ ಮೇಲಿನ ಲ್ಯಾಪ್‌ಟಾಪ್‌ಗೆ ಆ ಸಾಕೆಟ್ ಸಾಕಾಗುತ್ತದೆ. ಆದರೆ ಅದೇ ಸಾಕೆಟ್‌ಗೆ 300 ವಾಟ್ ಇನ್ವರ್ಟರ್ ಜೋಡಿಸಿ ಪೂರ್ಣ ಹೊರೆ ಹಾಕಿದರೆ 25 ಆಂಪಿಯರ್‌ಗೂ ಮಿಕ್ಕಿ ಹರಿದು ಫ್ಯೂಸ್ ಸುಟ್ಟುಹೋಗುತ್ತದೆ. ಆಗ ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ; ತಂತಿ ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅಂತಹ ಇನ್ವರ್ಟರನ್ನು ಪ್ರತ್ಯೇಕ ಫ್ಯೂಸ್ ಮತ್ತು ದಪ್ಪ ತಂತಿಯೊಡನೆ ನುರಿತ ಎಲೆಕ್ಟ್ರಿಷಿಯನ್ ಮೂಲಕ ನೇರವಾಗಿ ಬ್ಯಾಟರಿಗೆ ಜೋಡಿಸಬೇಕು.

ಎಂಜಿನ್ ನಿಂತಿರುವಾಗ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸಣ್ಣ ಕಾರೊಂದರ ಬ್ಯಾಟರಿ 35 ಆಂಪಿಯರ್-ಅವರ್‌ನದೆಂದು ಇಟ್ಟುಕೊಳ್ಳೋಣ. ಎಂಜಿನ್ ನಿಲ್ಲಿಸಿ, ಗಂಟೆಗೆ 6.4ರಂತೆ ಮೂರು ಗಂಟೆ ಪಡೆದರೆ 19 ಆಂಪಿಯರ್-ಅವರ್ ಮುಗಿದಿರುತ್ತದೆ. ಅರ್ಧಕ್ಕಿಂತ ಹೆಚ್ಚು ಖಾಲಿಯಾದಂತಾಯಿತು. ಸ್ಟಾರ್ಟರ್ ಮೋಟಾರಿಗೆ ಕ್ಷಣಮಾತ್ರಕ್ಕೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕಾಗುವುದರಿಂದ, ಹಳೆಯ ಬ್ಯಾಟರಿಯಾದರೆ ಕಾರು ಚಾಲೂ ಆಗದಿರಬಹುದು. ಮೇಲಾಗಿ ಪದೇ ಪದೇ ಹೀಗೆ ಬರಿದಾಗುವ ಸೀಸ-ಆಮ್ಲ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ. ಕೀಲಿ ತೆಗೆದ ನಂತರವೂ ಕೆಲವು ಕಾರುಗಳ ಸಾಕೆಟ್‌ನಲ್ಲಿ ವಿದ್ಯುತ್ ಇರುತ್ತದೆಂಬುದನ್ನೂ ಮರೆಯಬಾರದು.

ಆದುದರಿಂದ ಕಾರು ಓಡುತ್ತಿರುವಾಗಲೇ ಚಾರ್ಜ್ ಮಾಡಿಕೊಂಡು, ನಿಂತಾಗ ಲ್ಯಾಪ್‌ಟಾಪ್‌ನ ಸ್ವಂತ ಬ್ಯಾಟರಿಯಲ್ಲಿ ಕೆಲಸ ಮಾಡುವುದು ಉತ್ತಮ ಕ್ರಮ. ಚಾರ್ಜ್ ಮಾಡುವ ಸಲುವಾಗಿ ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡುವುದು ಪ್ರಾಣಾಪಾಯಕಾರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ ವಾಸನೆಯಿಲ್ಲ.

ಗಮನಿಸಬೇಕಾದ ಅಂಶಗಳು

ಎಂಜಿನ್ ಚಾಲೂ ಆದ ಮೇಲೆಯೇ ಸಾಧನವನ್ನು ಸಾಕೆಟ್‌ಗೆ ಜೋಡಿಸುವುದು ಕ್ಷೇಮ. ಚಾಲೂ ಆಗುವ ಕ್ಷಣದಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುವುದರಿಂದ 12 ವೋಲ್ಟ್‌ಗೆ ಮಾತ್ರ ತಯಾರಾದ ಸಾಧನವನ್ನು ಅಲ್ಲಿ ಬಳಸಬಾರದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಲ್ಯಾಪ್‌ಟಾಪ್ ಬಿಡುವುದು ಅದರ ಬ್ಯಾಟರಿಗೆ ಹಾನಿಕರ.

ಸಾಧನ ಕೊಳ್ಳುವ ಮುನ್ನ ಅಡಾಪ್ಟರ್‌ನ ವಾಟ್, ಸಾಕೆಟ್‌ನ ಫ್ಯೂಸ್ ಮತ್ತು ಬ್ಯಾಟರಿಯ ಸಾಮರ್ಥ್ಯ, ಈ ಮೂರು ಅಂಕಿಗಳನ್ನು ಬರೆದುಕೊಂಡು ಅಂಗಡಿಗೆ ಹೋದಲ್ಲಿ ಹಣವೂ ಉಳಿಯುತ್ತದೆ, ದಾರಿಯಲ್ಲಿ ಕಾರು ತಳ್ಳುವ ಪ್ರಮೇಯವೂ ತಪ್ಪುತ್ತದೆ.