ಗಾಯಾಳು ಹಡಗುಗಳ ದಾದಿ: 'ವೆಸ್ಟಲ್'

ನೌಕಾಯುದ್ಧವೆಂದೊಡನೆ ನಮ್ಮ ಕಣ್ಮುಂದೆ ಸುಳಿಯುವುದು ಬೆಂಕಿಯುಗುಳುವ ಭಾರಿ ಫಿರಂಗಿಗಳ ಸಮರನೌಕೆಗಳು. ಆದರೆ ಸೈನ್ಯದ ಹಿಂದೆ ವೈದ್ಯರೂ ದಾದಿಯರೂ ಇರುವಂತೆ, ಗಾಯಗೊಂಡ ಹಡಗುಗಳಿಗೂ ಶುಶ್ರೂಷೆ ಮಾಡುವವರು ಬೇಕಷ್ಟೆ! ಅದಕ್ಕೆಂದೇ ಮೀಸಲಾದ ದುರಸ್ತಿ ಹಡಗುಗಳ ಹೆಸರು ಚರಿತ್ರೆಯ ಪುಟಗಳಲ್ಲಿ ಕಾಣುವುದು ಅಪರೂಪ. ಅಮೆರಿಕದ 'ವೆಸ್ಟಲ್' ಅಂಥದೊಂದು ಹಡಗು.

ಪ್ರಾಚೀನ ರೋಮಿನಲ್ಲಿ ಒಲೆಯ ಅಧಿದೇವತೆಯಾದ ವೆಸ್ಟಾಳ ಗುಡಿಯ ಅಗ್ನಿ ನಂದದಂತೆ ಕಾಯುತ್ತಿದ್ದ ಕನ್ಯೆಯರಿಗೆ ವೆಸ್ಟಲರೆಂದು ಹೆಸರು. 1909ರಲ್ಲಿ ಸೇವೆಗಿಳಿದಾಗ ಈ ಹಡಗಿನ ಕಾಯಕವೂ ಅಗ್ನಿಗೆ ಸಂಬಂಧಿಸಿದ್ದೇ ಆಗಿದ್ದಿತು: ನೌಕಾಬಲಕ್ಕೆ ಕಲ್ಲಿದ್ದಲು ಒದಗಿಸುವುದು. 1913ರಲ್ಲಿ ಬಾಸ್ಟನ್ ನಗರದಲ್ಲಿ ಅದನ್ನು ದುರಸ್ತಿ ಹಡಗಾಗಿ ಮಾರ್ಪಡಿಸಲಾಯಿತು. ಅಂದಿನಿಂದ ಅದು ಬಡಗಿಗಳನ್ನೂ ಲೋಹದ ಕುಶಲಕರ್ಮಿಗಳನ್ನೂ ಒಡಲಲ್ಲಿಟ್ಟುಕೊಂಡ ತೇಲುವ ಕಾರ್ಖಾನೆಯಾಯಿತು.

1941ರ ಡಿಸೆಂಬರ್ 7ರ ಬೆಳಗ್ಗೆ, ಹವಾಯಿ ದ್ವೀಪಸಮೂಹದ ಪರ್ಲ್ ಹಾರ್ಬರಿನಲ್ಲಿ 'ವೆಸ್ಟಲ್', ದುರಸ್ತಿಗೆ ಕಾದಿದ್ದ 'ಅರಿಜೋನ' ಸಮರನೌಕೆಯ ಮಗ್ಗುಲಲ್ಲೇ ಹಗ್ಗ ಬಿಗಿದು ನಿಂತಿದ್ದಿತು. ಜಪಾನೀ ವಿಮಾನಗಳು ಎರಗಿದಾಗ ಎರಡು ಬಾಂಬುಗಳು ಅದರ ಒಡಲನ್ನು ಸೀಳಿದವು. ಕೆಲವೇ ನಿಮಿಷಗಳಲ್ಲಿ 'ಅರಿಜೋನ'ದ ಮದ್ದಿನ ಉಗ್ರಾಣ ಸಿಡಿಯಿತು. ಆ ನೌಕೆಯ 1,177 ಮಂದಿ ಮಡಿದರು. ಸ್ಫೋಟದ ರಭಸಕ್ಕೆ 'ವೆಸ್ಟಲ್'ನ ನಾಯಕ ಕ್ಯಾಸಿನ್ ಯಂಗ್ ಸಮುದ್ರಕ್ಕೆ ಎಸೆಯಲ್ಪಟ್ಟರು. ನಾಯಕನಿಲ್ಲದ ಹಡಗಿನಲ್ಲಿ, ಹಡಗನ್ನು ತೊರೆಯಿರೆಂಬ ಆಜ್ಞೆ ಹೊರಟಿತು. ಜನ ಇಳಿಯತೊಡಗಿದ್ದರು.

ಅಷ್ಟರಲ್ಲಿ, ಎಣ್ಣೆ ತುಂಬಿದ ನೀರಿನಲ್ಲಿ ಈಜಿ ಯಂಗ್ ಮತ್ತೆ ಹಡಗನ್ನೇರಿ ಬಂದರು. ಆ ಆಜ್ಞೆಯನ್ನು ರದ್ದುಗೊಳಿಸಿದರು. ಹಗ್ಗಗಳನ್ನು ಕಡಿಸಿ, ಉರಿಯುತ್ತಿದ್ದ ನೆರೆಯ ನೌಕೆಯಿಂದ ಹಡಗನ್ನು ದೂರಕ್ಕೊಯ್ದು, ಅದು ಮುಳುಗದಿರಲೆಂದು ಐಯಿಯಾದ ದಡದ ಬಳಿ ನೆಲಕ್ಕೆ ತಾಗಿಸಿ ನಿಲ್ಲಿಸಿದರು. ಈ ಧೈರ್ಯಕ್ಕೆ ಅವರಿಗೆ 'ಮೆಡಲ್ ಆಫ್ ಆನರ್' ಪದಕ ದೊರೆಯಿತು.

ತನ್ನ ಗಾಯ ಮಾಯುವ ಮೊದಲೇ 'ವೆಸ್ಟಲ್'ನ ಜನ ಪರರ ಸೇವೆಗೆ ಧಾವಿಸಿದರು. ಮಗುಚಿಬಿದ್ದ 'ಓಕ್ಲಹೋಮ'ದೊಳಗೆ ಸಿಕ್ಕಿಬಿದ್ದವರನ್ನು ಉಕ್ಕಿನ ತಳ ಕತ್ತರಿಸಿ ಹೊರತೆಗೆಯುವ ಕಾರ್ಯದಲ್ಲಿ ಅವರೂ ಕೈಗೂಡಿಸಿದರು. ಒಟ್ಟು 32 ಜೀವಗಳುಳಿದವು. ಬಂದರಿನ ಕಾರ್ಖಾನೆಗೆ ಬಿಡುವಿಲ್ಲದ್ದರಿಂದ ತಮ್ಮ ಹಡಗನ್ನು ತಾವೇ ದುರಸ್ತಿ ಮಾಡಿಕೊಂಡರು. ವೈದ್ಯನು ತನ್ನ ಗಾಯಕ್ಕೆ ತಾನೇ ಹೊಲಿಗೆ ಹಾಕಿಕೊಂಡಂತೆ!

1942ರ ಆಗಸ್ಟಿನಲ್ಲಿ ಹಡಗು ದಕ್ಷಿಣ ಪೆಸಿಫಿಕ್ಕಿನ ಟೊಂಗಾ ದ್ವೀಪಗಳಿಗೆ ತೆರಳಿತು. ಸೆಪ್ಟೆಂಬರಿನಲ್ಲಿ ಹವಳದ ದಿಬ್ಬಕ್ಕೆ ತಾಗಿ ತಳ ಹರಿದುಕೊಂಡ 'ಸೌತ್ ಡಕೋಟ' ಸಮರನೌಕೆಗೆ ತಾತ್ಕಾಲಿಕ ತೇಪೆ ಹಾಕಿ ಕಳುಹಿಸಿಕೊಟ್ಟಿತು. ಅಲ್ಲಿ ಸುಮಾರು 60 ದಿನಗಳಲ್ಲಿ 58 ಹಡಗುಗಳಿಗೆ ಸಂಬಂಧಿಸಿದ 963 ಕೆಲಸಗಳು ಮುಗಿದವು. 1945ರಲ್ಲಿ ಓಕಿನಾವದ ಬಳಿ, ಜಪಾನಿನ ಆತ್ಮಾಹುತಿ ವಿಮಾನಗಳಿಂದ ಜರ್ಜರಿತವಾದ ನೌಕೆಗಳಿಗೂ ಇದೇ ಆರೈಕೆ ದೊರೆಯಿತು.

ಯಂಗ್ ಇದನ್ನೆಲ್ಲ ಕಾಣಲಿಲ್ಲ. 'ಸ್ಯಾನ್ ಫ್ರಾನ್ಸಿಸ್ಕೊ' ನೌಕೆಯ ನಾಯಕರಾಗಿ ಹೋದ ಅವರು 1942ರ ನವೆಂಬರ್ 13ರಂದು ಗ್ವಾಡಲ್‌ಕೆನಾಲ್ ಕದನದಲ್ಲಿ ವೀರಮರಣವನ್ನಪ್ಪಿದರು. 'ವೆಸ್ಟಲ್' 1946ರಲ್ಲಿ ನಿವೃತ್ತವಾಗಿ, 1950ರಲ್ಲಿ ಗುಜರಿಗೆ ಮಾರಾಟವಾಯಿತು. ಯಂಗ್ ಅವರ ಹೆಸರು ಹೊತ್ತ ವಿನಾಶಕ ನೌಕೆಯೊಂದು ಬಾಸ್ಟನ್ನಿನಲ್ಲಿ ಸ್ಮಾರಕವಾಗಿ ಉಳಿದಿದೆ. 'ವೆಸ್ಟಲ್'ಗೆ ಅಂಥ ಭಾಗ್ಯ ಒದಗಲಿಲ್ಲ. ಅದು ಮತ್ತೆ ಕಡಲಿಗೆ ಕಳುಹಿದ ನೂರಾರು ಹಡಗುಗಳೇ ಅದರ ಸ್ಮಾರಕ.